ರೇಣುಕಾಳ ಐದನೆಯ ಖೋಕಾ

ಹೋದ ತಿಂಗಳು ಹೊಸ ಹುಡುಗಿಯರನ್ನು ಫೈರಿಂಗ್ ರೇಂಜಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಗೃಹರಕ್ಷಕಿಯಾಗಿ ಇಷ್ಟು ವರ್ಷದಲ್ಲಿ ಸಂತೆ, ಮೆರವಣಿಗೆ, ಹೈವೇ, ಪರೀಕ್ಷಾ ಕೇಂದ್ರ ಅಂತ ಎಲ್ಲ ಕಡೆ ಬಿಸಿಲಲ್ಲಿ ನಿಂತಿದ್ದೇನೆ. ಆದರೆ ಹಾವೇರಿಯ ಆಚೆ ಗುಡ್ಡದ ಬುಡದಲ್ಲಿರುವ ಆ ಬಯಲಿಗೆ ಮಾತ್ರ ತರಬೇತಿ ಮುಗಿದ ಮೇಲೆ ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ನೆವ ನಡೆಯಲಿಲ್ಲ. ಮೊದಲ ಸಾಲಿನವರು ಗುಂಡು ಹಾರಿಸಿದ ಮೇಲೆ ಗಾಳಿ ನಮ್ಮ ಕಡೆ ತಿರುಗಿತು. ಸುಟ್ಟ ಮದ್ದಿನ ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ನನ್ನ ಕೈ ತಾನೇ ತಾನಾಗಿ ತಲೆಯ ಮೇಲಿನ ಟೊಪ್ಪಿಗೆಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ.

"ಯಾಕ್ರಿ ಮೇಡಂ, ತಲಿ ನೋಯಾಕತ್ತೈತೇನು?" ಅಂತ ಪಕ್ಕದಲ್ಲಿದ್ದ ಹುಡುಗಿ ಕೇಳಿದಳು.

"ಹೌದವಾ, ಬಿಸಲು," ಅಂದೆ. ಬಿಸಿಲಾಗಿರಲಿಲ್ಲ. ಆರು ವರ್ಷದ ಹಿಂದಿನ ಒಂದು ಮೆಣಸಿನಕಾಯಿ ಸುಗ್ಗಿಯಲ್ಲಿ, ಅದೇ ಬಯಲಿನಲ್ಲಿ, ನಾನು ಮಾಡಿದ ಒಂದು ಕೆಲಸದಿಂದ ಇಬ್ಬರ ಮಾನ ಹೋಗುವುದರಲ್ಲಿತ್ತು. ಅದನ್ನು ಈವರೆಗೆ ಹೇಳಬೇಕಾದವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಈಗ ಬರೆದುಬಿಡುತ್ತೇನೆ.

ನಮ್ಮ ಮನೆ ಮೇಡ್ಲೇರಿಯಲ್ಲಿ. ನಮ್ಮ ಮನೆಯವರು ರಾಣೆಬೆನ್ನೂರಿನಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ; ಬೆಳಿಗ್ಗೆ ಹೋದರೆ ರಾತ್ರಿ ಊಟಕ್ಕೇ ಬರುವುದು. ಮನೆಯಲ್ಲಿ ಹಗಲೆಲ್ಲ ನಾನು ಮತ್ತು ಮಾವ. ಮಾವನ ಹೆಸರು ಫಕ್ಕೀರಪ್ಪ; ಊರಿಗೆಲ್ಲ ಮಿಲ್ಟ್ರಿ ಫಕ್ಕೀರಪ್ಪ. ಹದಿನೆಂಟಕ್ಕೆ ಬೆಳಗಾವಿಗೆ ಹೋಗಿ ಸೈನ್ಯಕ್ಕೆ ಭರ್ತಿಯಾದವರು, ಅರವತ್ತೈದರ ಯುದ್ಧದಲ್ಲಿ ಪಂಜಾಬದ ಕಡೆ ಇದ್ದವರು. ಆಗ ಅವರಿಗೆ ಎಂಬತ್ತಕ್ಕೆ ಒಂದೆರಡು ಕಡಿಮೆ. ಯುದ್ಧದ ಬಗ್ಗೆ ಕೇಳಿದರೆ "ಏನೈತಿ ಹೇಳಾಕ" ಅಂತ ಎದ್ದು ಹೋಗುತ್ತಿದ್ದರು. ಬಂದೂಕಿನ ಬಗ್ಗೆ ಕೇಳಿದರೆ ಮಾತ್ರ ಕುಂತುಬಿಡುತ್ತಿದ್ದರು.

ನಾನು ಗೃಹರಕ್ಷಕ ದಳಕ್ಕೆ ಸೇರುತ್ತೇನೆ ಅಂದಾಗ ನಮ್ಮ ಮನೆಯವರು ಮೂಗು ಮುರಿದರು. ಮಾವ ಕೇಳಿದ್ದು ಒಂದೇ ಮಾತು.

"ಯಾವ ಬಂದೂಕು ಕೊಡತಾರಂತ?"

"ತ್ರೀ ನಾಟ್ ತ್ರೀ ಅಂತರಿ ಮಾವಾರ."

ಮಾವ ನಕ್ಕಿದ್ದು ನೋಡಬೇಕಿತ್ತು. ಹಲ್ಲಿಲ್ಲದ ಬಾಯಿ ಕಿವಿಯವರೆಗೆ ಹೋಯಿತು. "ಎಲಾ ಇಕಿನ! ಆ ಮುದುಕಿ ಇನ್ನೂ ಬದುಕ್ಯಾಳೇನು!"

ಅವತ್ತು ಸಂಜೆ ಕಟ್ಟೆಯ ಮೇಲೆ ಕುಳಿತು ಅವರು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ನಮ್ಮಪ್ಪ ಅದನ್ನ ಹೊತ್ಕೊಂಡು ಬರ್ಮಾದ ಅಡವಿ ತಿರಗ್ಯಾನ. ಅದಕ್ಕಿಂತ ಮೊದಲಿನ ದೊಡ್ಡ ಲಡಾಯ್ದಾಗ ನಮ್ಮ ಕಡೆ ಮಂದಿ ಅದನ್ನ ಹೊತ್ಕೊಂಡು ಅರಬರ ಉಸುಕಿಗೆ ಹೋಗಿದ್ರು. ಹೋದ ಮಂದಿ ಎಷ್ಟೋ ತಿರಗಿ ಬರಲಿಲ್ಲ. ಬಂದೂಕು ಬಂತು. ತೊಳದ್ರು, ಒರಸಿದ್ರು, ಮತ್ತೊಬ್ಬನ ಹೆಗಲಿಗೆ ಹಾಕಿದ್ರು. ನನ್ನ ಹೆಗಲಿಗೆ ಬಂದಾಗ ಅದಕ್ಕ ನನಗಿಂತ ವಯಸ್ಸು ಜಾಸ್ತಿ ಆಗಿತ್ತು. ಮುಂದ ತಾನ ಗುಂಡು ತುಂಬಿಕೊಳ್ಳೋ ರೈಫಲ್ ಬಂದ್ವು, ಎಪ್ಪತ್ತೊಂದರಾಗ ಅವನ್ನ ಹಿಡದ್ವಿ. ಆದ್ರ ಇಕಿ ಬ್ಯಾರೆ. ಪ್ರತಿ ಗುಂಡಿಗೂ ಕೈಲೆ ಬೋಲ್ಟ್ ಜಗ್ಗಬೇಕು. ಜಗ್ಗಿದಾಗೊಮ್ಮೆ ವಿಚಾರ ಮಾಡಾಕ ಟೈಮ್ ಸಿಗತೈತಿ, ಹೊಡೀಲೋ ಬ್ಯಾಡೋ ಅಂತ."

ಮರುದಿನದಿಂದ ನನ್ನ ತರಬೇತಿ ಮನೆಯಲ್ಲೇ ಶುರುವಾಯಿತು. ಬಂದೂಕಿನ ಬದಲು ಅಡುಗೆ ಮನೆಯ ಒನಕೆ. ಅಂಗಳದಲ್ಲಿ ಗೋಣಿಚೀಲ ಹಾಸಿ ನನ್ನನ್ನು ಬೋರಲು ಮಲಗಿಸಿ ಮಾವ ದೂರದಲ್ಲಿ ನಿಂತು ಕೂಗುತ್ತಿದ್ದರು: "ಹೆಗಲಿನ ಕುಣ್ಯಾಗ ಗಟ್ಟಿ ಕೂಡಸು! ಸಂದಿ ಬಿಟ್ಟಿ ಅಂದ್ರ ಎಮ್ಮಿ ಒದ್ದಂಗ ಒದೀತೈತಿ. ಅರ್ಧ ಉಸಲು ಬಿಡು, ಅರ್ಧ ಹಿಡಕೋ. ಬಂದೂಕಿನ ಕುದುರಿ ಜಗ್ಗಬ್ಯಾಡ, ಮೆತ್ತಗ ಹಿಂಡು." ಗೋಡೆಯಾಚೆಯ ನೀಲಮ್ಮ ಇಣುಕಿ, "ಏನ್ರಿ ಕಾಕಾ, ಮಾವ ಸೊಸಿ ಕೂಡಿ ಯಾರ ಮ್ಯಾಲ ಲಡಾಯಿ?" ಅಂತ ನಕ್ಕಿದ್ದಳು. ನಾನು ಒನಕೆಯನ್ನು ಅವಳ ಕಡೆ ತಿರುಗಿಸಿದೆ. ಎಂಥಾ ಒಳ್ಳೆಯ ದಿನಗಳು ಅವು!

ಆದರೆ ಆ ಚಳಿಗಾಲದಲ್ಲಿ ಮಾವನಿಗೆ ಎದೆ ಬೇನೆ ಶುರುವಾಗಿತ್ತು. ಹತ್ತು ಹೆಜ್ಜೆ ನಡೆದರೆ ತೇಕು ಹತ್ತುತ್ತಿತ್ತು. ರಾಣೆಬೆನ್ನೂರಿನ ಡಾಕ್ಟರು ನಮ್ಮ ಮನೆಯವರನ್ನು ಹೊರಗೆ ಕರೆದು ಏನೋ ಹೇಳಿದರು. ಅವರು ನನಗೆ ಅರ್ಧ ಹೇಳಿದರು. ಒಂದು ದಿನ ಮಾವ ಗೋಡೆಗೆ ಒರಗಿ ತಮ್ಮಷ್ಟಕ್ಕೆ ಅಂದರು: "ಆ ಸುಟ್ಟ ಮದ್ದಿನ ವಾಸನಿ ಒಮ್ಮೆ ಮೂಗಿಗೆ ಬಂದ್ರ ಸಾಕಿತ್ತು ನೋಡವಾ. ಇಪ್ಪತ್ತು ವರ್ಷದ ಹುಡುಗ ಆಗಿದ್ದೆ ನಾ ಆವಾಗ."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಆಗಲೇ ನಿಶ್ಚಯ ಮಾಡಿಬಿಟ್ಟೆ, ಮಾವನಿಗೆ ಒಂದು ಖೋಕಾ ತಂದುಕೊಡಬೇಕು ಅಂತ. ಖೋಕಾ ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೊಳವೆ, ಹೆಬ್ಬೆರಳಿನಷ್ಟು ಉದ್ದ. ಯಾರಿಗೂ ಬೇಡವಾದ ವಸ್ತು ಅಂತ ನಾನು ತಿಳಿದಿದ್ದೆ.

ತರಬೇತಿ ಹಾವೇರಿಯಲ್ಲಿ, ಹತ್ತು ದಿನ. ನಾವು ಮೂವತ್ತು ಹೆಂಗಸರು. ಬಂದೂಕು ಕಲಿಸುವವರು ದಾವಲಸಾಬರು, ಸಶಸ್ತ್ರ ಪೊಲೀಸಿನಲ್ಲಿ ಹವಾಲ್ದಾರರು. ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಬೆಳ್ಳಗಿನ ಗಡ್ಡ, ಬೆನ್ನು ಮಾತ್ರ ಗಳದ ಹಾಗೆ ನೆಟ್ಟಗೆ. ಆ ತಿಂಗಳ ಕೊನೆಗೆ ಅವರ ನೌಕರಿ ಮುಗಿಯುತ್ತಿತ್ತು. ನಮ್ಮದೇ ಅವರ ಕೊನೆಯ ಬ್ಯಾಚು. ಬಂದೂಕು ಬಿಚ್ಚುವುದು, ನಳಿಕೆಯೊಳಗೆ ಎಣ್ಣೆ ಬಟ್ಟೆ ಎಳೆಯುವುದು, ಎಲ್ಲ ಕಲಿಸಿ ಕೊನೆಗೆ ಒಂದೇ ಮಾತು ಹೇಳುತ್ತಿದ್ದರು: "ಐದು ಗುಂಡು ಕೊಡತೇನಿ. ಐದು ಖೋಕಾ ತಿರಗಿ ಬರಬೇಕು. ನಾಕು ಬಂದ್ರ ಸೂರ್ಯಾ ಮುಳುಗಿದ್ರೂ ಮನಿಗೆ ಬಿಡಂಗಿಲ್ಲ." ಬಸ್ಸಿನ ಕಂಡಕ್ಟರ್ "ಒಳಗ ಸರೀರಿ" ಅಂದದ್ದನ್ನು ಕೇಳುತ್ತೇವಲ್ಲ, ಹಾಗೆ ಕೇಳಿದ್ದೆ ಅದನ್ನು.

ನನ್ನ ಪಕ್ಕದವಳು ರೇಣುಕಾ. ಬ್ಯಾಡಗಿಯ ಮಾರುಕಟ್ಟೆ ಯಾರ್ಡಿನ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದಳು. ಗಂಡ ತೀರಿ ಎರಡು ವರ್ಷವಾಗಿತ್ತು. ಅವಳು ಜಡೆ ಕೊಡವಿದರೆ ಇಡೀ ಸಾಲು ಸೀನುತ್ತಿತ್ತು; ಅಷ್ಟು ಘಾಟು ಅವಳ ಕೂದಲಲ್ಲಿ. ನಾವೆಲ್ಲ ಅದಕ್ಕೆ ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಒಂದು ದಿನ ರೊಟ್ಟಿ ತಿನ್ನುವಾಗ, ಯಾಕವಾ ಇದಕ್ಕೆ ಸೇರಿದಿ ಅಂತ ಕೇಳಿದೆ.

"ಯಾರ್ಡಿನ್ಯಾಗ ನಮಗ 'ಏ, ಸರಿ ಆಚೆ' ಅಂತಾರಕ್ಕಾ. ಖಾಕಿ ಹಾಕ್ಕೊಂಡ ಹೆಣ್ಮಗಳಿಗೆ 'ಬರ್ರಿ' ಅಂತಾರ. ಒಮ್ಮೆ 'ಬರ್ರಿ' ಅನಿಸ್ಕೋಬೇಕು ಅಂತ ಆಸೆ," ಅಂದಳು.

ಫೈರಿಂಗ್ ಇದ್ದದ್ದು ಎಂಟನೆಯ ದಿನ. ಕೆಂಪು ಬಾವುಟ ಏರಿತ್ತು. ಐದೈದು ಮಂದಿಯ ಸಾಲು. ನಾನು ಬಲತುದಿ, ನನ್ನ ಎಡಕ್ಕೆ ರೇಣುಕಾ. ನೆಲಕ್ಕೆ ಹಾಸಿದ್ದ ದರಿಯ ಮೇಲೆ ಬೋರಲು ಮಲಗಿ ಬಂದೂಕಿನ ಹಿಂಬದಿಯನ್ನು ಹೆಗಲಿಗೆ ಒತ್ತಿಕೊಂಡೆ. ಕಟ್ಟಿಗೆ ತಣ್ಣಗಿತ್ತು, ನೂರು ಕೈ ಸವರಿ ನುಣುಪಾಗಿತ್ತು. ಇದೇ ಬಂದೂಕನ್ನು ನನಗಿಂತ ಮೊದಲು ಯಾರು ಯಾರು ಹಿಡಿದಿದ್ದರೋ, ಅವರಲ್ಲಿ ಎಷ್ಟು ಮಂದಿ ಮನೆಗೆ ಹೋದರೋ ಅನ್ನಿಸಿ ಮೈ ಜುಮ್ಮೆಂದಿತು. ಅರ್ಧ ಉಸಿರು ಬಿಟ್ಟೆ, ಹಿಂಡಿದೆ. ಎಮ್ಮೆ ಒದೆಯಿತು. ಐದು ಗುಂಡೂ ಹಾರಿಸಿದೆ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

"ಖೋಕಾ ಆರಸ್ರಿ!" ಅಂತ ಉಸ್ತಾದರು ಕೈಸನ್ನೆ ಮಾಡಿದರು. ನನ್ನ ಐದೂ ಬಲಕ್ಕೆ ಬಿದ್ದಿದ್ದವು, ಆರಿಸಿಕೊಂಡೆ. ಎದ್ದೇಳುವಾಗ ನನ್ನ ದರಿಯ ಎಡ ಅಂಚಿನ ಮಡಿಕೆಯಲ್ಲಿ ಇನ್ನೊಂದು ಕಂಡಿತು. ಆರನೆಯದು. ಹಳೆಯದೇನೋ, ಯಾವತ್ತೋ ಉಳಿದದ್ದು ಅಂತ ಮನಸ್ಸಿಗೆ ಹೇಳಿಕೊಂಡೆ. ಸುಳ್ಳು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಈ ಬಂದೂಕು ಖೋಕಾ ಉಗುಳುವುದು ಬಲಕ್ಕೆ. ನನ್ನ ಎಡಕ್ಕೆ ಬಿದ್ದದ್ದು ರೇಣುಕಾಳದ್ದೇ ಆಗಿರಬೇಕು. ಎಂಟು ದಿನ ಕಲಿತವಳಿಗೆ ಇಷ್ಟು ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಾವನ ಮುಖ ಕಣ್ಣ ಮುಂದೆ ಬಂತು, ಅದನ್ನು ಪ್ಯಾಂಟಿನ ಜೇಬಿಗೆ ಇಳಿಸಿದೆ.

ಉಸ್ತಾದರು ಬಲತುದಿಯಿಂದ ಶುರು ಮಾಡಿದರು. ಅವರ ತಗಡಿನ ಡಬ್ಬಿಗೆ ನನ್ನ ಐದನ್ನೂ ಹಾಕಿ, ಕಲಿಸಿದಂತೆ ಎದೆ ಸೆಟೆದು ಗಟ್ಟಿಯಾಗಿ ಕೂಗಿದೆ: "ನನ್ನ ಬಳಿ ಗುಂಡಾಗಲಿ ಖೋಕಾ ಆಗಲಿ ಇಲ್ಲ, ಶ್ರೀಮಾನ್!" ಪ್ರತಿಯೊಬ್ಬರೂ ಕೂಗಲೇಬೇಕಾದ ಮಾತು ಅದು. ಉಸ್ತಾದರು ತಲೆಯಾಡಿಸಿ ಮುಂದೆ ಹೋದರು. ರೇಣುಕಾ ಡಬ್ಬಿಗೆ ಹಾಕಿದಳು. ಒಂದು, ಎರಡು, ಮೂರು, ನಾಲ್ಕು.

"ಐದನೇದು?"

"ಇಲ್ಲೇ ಇರಬೇಕ್ರಿ ಉಸ್ತಾದ, ಐದೂ ಹೊಡದೇನಿ," ಅಂತ ಅವಳು ದರಿ ಎತ್ತಿ ಕೊಡವಿದಳು. ಏನೂ ಬೀಳಲಿಲ್ಲ.

ಆಗಲೇ ಕೊಟ್ಟುಬಿಡಬಹುದಿತ್ತು. "ಇಲ್ಲೈತ್ರಿ, ನನ್ನ ದರಿ ಮ್ಯಾಲ ಬಿದ್ದಿತ್ತು" ಅಂದಿದ್ದರೆ ಎರಡು ಬೈಗುಳಕ್ಕೆ ಮುಗಿಯುತ್ತಿತ್ತು. ಆದರೆ ಇಲ್ಲ ಅಂತ ಕೂಗಿಯಾಗಿತ್ತಲ್ಲ, ಎಲ್ಲರ ಮುಂದೆ, ಶ್ರೀಮಾನ್ ಅಂತ. ಇನ್ನೊಂದು ನಿಮಿಷ ಬಿಟ್ಟು ಹುಲ್ಲಿನಲ್ಲಿ ಸಿಕ್ಕಿತು ಅಂತ ಕೊಟ್ಟರಾಯಿತು ಅಂದುಕೊಂಡೆ. ಆ ಒಂದು ನಿಮಿಷ ಬರಲೇ ಇಲ್ಲ. ಉಸ್ತಾದರು ಕಣ್ಣು ತಪ್ಪಿಸದೆ ನೋಡುತ್ತಿದ್ದರು.

ಗುರಿ ಹಲಗೆ ತರಿಸಿದರು. ರೇಣುಕಾಳ ಹಲಗೆಯಲ್ಲಿ ಮೂರೇ ತೂತು. ಅಲ್ಲಿಗೆ ಮಾತಿನ ಬಣ್ಣವೇ ಬದಲಾಯಿತು. ಖೋಕಾ ಕಳೆದಿದೆಯೋ, ಗುಂಡನ್ನೇ ಹಾರಿಸದೆ ಇಟ್ಟುಕೊಂಡಿದ್ದಾಳೋ? ಎಲ್ಲರ ಫೈರಿಂಗ್ ಮುಗಿಸಿ ಎಣಿಸಿದರು: ನೂರೈವತ್ತಕ್ಕೆ ನೂರನಲವತ್ತೊಂಬತ್ತು. ಮೂವತ್ತು ಹೆಂಗಸರು ಒಂದೇ ಸಾಲಾಗಿ ಮೊಣಕಾಲೂರಿ ಬಯಲನ್ನು ಬೆರಳಿನಿಂದ ಬಾಚತೊಡಗಿದೆವು. ಕಲ್ಲು, ಮುಳ್ಳು, ಒಣಗಿದ ಹುಲ್ಲು. ಉಸ್ತಾದರೂ ನಮ್ಮ ಜೊತೆ ಮೊಣಕಾಲ ಮೇಲೆ. ಗಡ್ಡಕ್ಕೆ ಮಣ್ಣು ಹತ್ತಿತ್ತು. ನಾನೂ ಬಾಚುತ್ತಿದ್ದೆ! ಜೇಬಿನಲ್ಲಿ ಇಟ್ಟುಕೊಂಡು ನೆಲದಲ್ಲಿ ಹುಡುಕುತ್ತಿದ್ದೆ. ಎರಡು ಸಲ ಕೈ ಜೇಬಿನವರೆಗೆ ಹೋಯಿತು. ಎರಡೂ ಸಲ ಪಕ್ಕದಲ್ಲಿ ಯಾರೋ ಇದ್ದರು.

ಮೂರು ಗಂಟೆಗೆ ಜೀಪು ಬಂತು, ಮೇಲಿನ ಅಧಿಕಾರಿ ಇಳಿದರು. "ಎಲ್ಲರನ್ನೂ ಚೆಕ್ ಮಾಡಿ" ಅಂದರು. ಜೊತೆಗೆ ಬಂದಿದ್ದ ಮಹಿಳಾ ಪೇದೆ ಎಡತುದಿಯಿಂದ ಜೇಬು ತೆಗೆಸತೊಡಗಿದಳು. ಬೆವರು ಒರೆಸುವವಳ ಹಾಗೆ ಟೊಪ್ಪಿಗೆ ತೆಗೆದೆ, ಕರವಸ್ತ್ರದ ಮರೆಯಲ್ಲಿ ಅದನ್ನು ತುರುಬಿನೊಳಗೆ ತುರುಕಿದೆ, ಟೊಪ್ಪಿಗೆ ಹಾಕಿಕೊಂಡೆ. ಜೇಬಿಗೆ ಹಾಕಿದ್ದು ಆಸೆಯಿಂದ. ತುರುಬಿಗೆ ಹಾಕಿದ್ದು ಕಳ್ಳತನದಿಂದ. ಆ ವ್ಯತ್ಯಾಸ ನನಗೆ ಆ ಕ್ಷಣಕ್ಕೂ ಗೊತ್ತಿತ್ತು.

ನನ್ನ ಜೇಬಿನಲ್ಲಿ ಏನಿರುತ್ತದೆ? ಬಸ್ ಟಿಕೆಟ್ಟು. ರೇಣುಕಾಳನ್ನು ಮಾತ್ರ ಬಿಡಲಿಲ್ಲ. ಬೂಟು ಬಿಚ್ಚಿಸಿದರು, ಕಾಲುಚೀಲ ಕೊಡವಿಸಿದರು, ಊಟದ ಡಬ್ಬಿ ತೆಗೆಸಿದರು. ಕೊನೆಗೆ ಪೇದೆ ಅವಳ ಜಡೆಯನ್ನೂ ಬಿಚ್ಚಿದಳು. ಮೆಣಸಿನಕಾಯಿಯ ಘಾಟು ಎದ್ದು ಪೇದೆ ಸೀನಿದಳು. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ರೇಣುಕಾ ಬಿಚ್ಚಿದ ಕೂದಲಲ್ಲಿ ನಿಂತು ಅಳುತ್ತಿದ್ದಳು, ಸದ್ದಿಲ್ಲದೆ. ನಾನು ಒಂದು ಗೇಣು ದೂರದಲ್ಲಿ ನಿಂತಿದ್ದೆ. ಪೇದೆ ನನ್ನ ಕಡೆ ತಿರುಗಿದಳು. "ಟೊಪ್ಪಿಗಿ ತಗೀರಿ."

ನಾನು ಟೊಪ್ಪಿಗೆಯ ಅಂಚಿಗೆ ಕೈ ಒಯ್ದೆ.

"ಸಾಕು!" ಅಂದರು ಉಸ್ತಾದರು. ಅಧಿಕಾರಿಯ ಕಡೆ ತಿರುಗಿ ಸಲ್ಯೂಟ್ ಹೊಡೆದರು. "ಸಾಹೇಬ್ರ, ಹೆಣ್ಣುಮಕ್ಕಳ ತಲಿಗೂದಲಕ್ಕ ಕೈ ಹಚ್ಚೋದು ಬ್ಯಾಡ್ರಿ. ಗುಂಡು ಎಣಿಸಿ ಕೊಟ್ಟಾವ ನಾನು. ಈ ಕಣ್ಣಿಗೆ ವಯಸ್ಸಾಗೇತಿ, ಎಣಿಕಿ ತಪ್ಪಿರಬೇಕು. ಹಂಗಂತ ನಾ ಬರಕೊಡತೇನಿ."

ಅಧಿಕಾರಿ ಹತ್ತಿರ ಬಂದರು. "ಉಸ್ತಾದ್, ನಿವೃತ್ತಿ ಇರೋದು ಈ ತಿಂಗಳೇ ಅಲ್ವಾ? ವಿಚಾರಣೆ ಆಗ್ತದೆ. ಪೆನ್ಷನ್ ಕಾಗದ ಅಲ್ಲೇ ನಿಲ್ತದೆ." ವಿಚಾರಣೆ ಮುಗಿಯುವವರೆಗೆ ರೇಣುಕಾ ತರಬೇತಿಗೆ ಬರುವುದು ಬೇಡ, ಉಳಿದವರೂ ಹೇಳಿಕಳಿಸುವ ತನಕ ಮನೆಯಲ್ಲಿರಿ ಅಂತ ಆಯಿತು. ನಾನು ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಲೂ ಹೆದರುತ್ತ ಊರಿಗೆ ಬಂದೆ.

ಮಾವ ಕಟ್ಟೆಯ ಮೇಲೆ ಕಾಯುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ತುರುಬು ಬಿಚ್ಚಿ, ಅದನ್ನು ತೊಳೆಯದೆ ಹಾಗೇ ತಂದು ಅವರ ಅಂಗೈಯಲ್ಲಿಟ್ಟೆ. ಮಾವ ಮೊದಲು ನಂಬಲಿಲ್ಲ. ಆಮೇಲೆ ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಅಯ್ಯೋ, ಆ ಮುಖ! ಅಷ್ಟು ಸುಖ ಆ ಮುಖದಲ್ಲಿ ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ನೋಡುತ್ತ ನೋಡುತ್ತ ಅವರ ಹೆಬ್ಬೆರಳು ಖೋಕಾದ ಬುಡದ ಮೇಲೆ ಹರಿದಾಡಿತು. ಅಲ್ಲಿ ಕೊರೆದ ಸರಕಾರಿ ಕಾರ್ಖಾನೆಯ ಅಂಕಿಗಳನ್ನು ಬೆಳಕಿಗೆ ಹಿಡಿದು ಓದಿದರು. ಸುಖ ಇಳಿದುಹೋಯಿತು.

"ಇದನ್ನ ಯಾರು ಕೊಟ್ರು?"

"ಉಸ್ತಾದ ಕೊಟ್ರರಿ."

"ಯಾವ ಉಸ್ತಾದನೂ ಕೊಡಂಗಿಲ್ಲ." ನನ್ನ ಮುಖ ನೋಡಿ ಕೇಳಿದರು, "ಎಷ್ಟು ಹೊತ್ತು ಹುಡುಕಿದ್ರವಾ?"

ನನಗೆ ತಡೆಯಲಾಗಲಿಲ್ಲ. ಕಟ್ಟೆಯ ಕೆಳಗೆ ಕುಸಿದು ಕುಳಿತು ಎಲ್ಲ ಹೇಳಿದೆ. ರೇಣುಕಾಳ ಜಡೆಯ ಮಾತು ಬಂದಾಗ ಮಾವ ಕೈ ಎತ್ತಿ ನಿಲ್ಲಿಸಿದರು. ಖೋಕಾವನ್ನು ನಮ್ಮಿಬ್ಬರ ನಡುವೆ ಕಲ್ಲಿನ ಮೇಲಿಟ್ಟರು.

"ಲಡಾಯ್ದಾಗ ಕಾಲುವಿ ದಂಡಿ ಮ್ಯಾಲ ಒಂದು ಮುಂಜಾನಿ ಇದ್ದದ್ದೆಲ್ಲ ಹೊಡದ್ವಿ. ಕಾಲಾಗ ಖೋಕಾ ರಾಶಿ ಬಿದ್ದಿದ್ವು, ಮೆಣಸಿನಕಾಯಿ ರಾಶಿ ಬಿದ್ದಂಗ. ಒಬ್ಬರೂ ಎಣಿಸಲಿಲ್ಲ. ತಿರಗಿ ಬಂದ ಮ್ಯಾಲ ರೇಂಜಿನ್ಯಾಗ ಒಂದ ಒಂದು ಕಡಿಮಿ ಬಂತು ಅಂತ ನೂರು ಮಂದೀನ ನೀರು ಕೊಡದ ನಿಲ್ಲಿಸಿದ್ರು. ನನಗ ಸಿಟ್ಟು ಬಂತು. ಅಲ್ಲಿ ಎಣಿಸಲಿಲ್ಲ, ಇಲ್ಲಿ ಯಾಕ ಅಂತ ನಮ್ಮ ಹವಾಲ್ದಾರಗ ಕೇಳಿದೆ. ಅವ ಅಂದಾ, ಅಲ್ಲಿ ಗುಂಡು ಯಾರ ಕಡೆ ಹೊಂಟೈತಿ ಅಂತ ಗೊತ್ತಿತ್ತು. ಇಲ್ಲಿ ಖೋಕಾ ಸಿಗವಲ್ದು ಅಂದ್ರ ಒಂದು ಜೀವಂತ ಗುಂಡು ನಮ್ಮ ನಡುವ ಅಡ್ಡಾಡಾಕತ್ತೈತಿ ಅಂತ ಅರ್ಥ. ಅದು ಸಿಗೋತನಕ ಪ್ರತಿಯೊಬ್ಬಾನೂ ಕಳ್ಳ." ಮಾವನಿಗೆ ತೇಕು ಹತ್ತಿತು. "ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ ಅಂತಾರ. ನಾಳೆ ಹೋಗಿ ಕೊಟ್ಟು ಬಾ."

"ನೀವೂ ಬರ್ರಿ ಮಾವಾರ."

"ಇಲ್ಲ ಅಂತ ಕೂಗಿದ್ದು ನಿನ್ನ ಬಾಯಿ."

ಮರುದಿನ ರಾಣೆಬೆನ್ನೂರು ಬಸ್ ನಿಲ್ದಾಣದವರೆಗೆ ಹೋದೆ. ಹಾವೇರಿ ಬಸ್ಸು ಎದುರಿಗೇ ನಿಂತಿತ್ತು, ಹತ್ತಲಿಲ್ಲ. ತಿರುಗಿ ಬಂದು "ಉಸ್ತಾದ ಇರಲಿಲ್ಲರಿ" ಅಂದೆ. ಅದರ ಮರುದಿನ ಜ್ವರ ಅಂದೆ. ಮಾವ ಬೈಯಲಿಲ್ಲ. ಸಂಜೆಯಾದರೆ "ಕೊಟ್ಟಿಯೇನು?" ಅಂತ ಕೇಳುವುದು, ನಾನು ತಲೆ ತಗ್ಗಿಸುವುದು, ಅವರು ರೊಟ್ಟಿಯ ತಟ್ಟೆ ಸರಿಸಿ ಗೋಡೆಯ ಕಡೆ ಹೊರಳುವುದು. ಈ ನಡುವೆ ನಮ್ಮ ಬ್ಯಾಚಿನ ಮೊಬೈಲ್ ಗ್ರೂಪಿನಲ್ಲಿ ಮಾತು ಬೆಳೆಯುತ್ತಿತ್ತು. ಒಬ್ಬಳು, ರೇಣುಕಾ ಮೊದಲಿಂದಲೂ ಹಾಗೆಯೇ ಅಂತೆ ಅಂದಳು. ಇನ್ನೊಬ್ಬಳು, ಗುಂಡನ್ನು ಯಾರಿಗೋ ಮಾರಿದಳಂತೆ ಅಂತ ಬರೆದಳು. ಬೆರಳು ಅಕ್ಷರಗಳ ಮೇಲೆ ಇಟ್ಟುಕೊಂಡೇ ಕುಳಿತಿದ್ದೆ. ಒಂದು ಶಬ್ದ ಒತ್ತಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಮಾವ ಧೋತರ ಉಟ್ಟು, ಹಳೆಯ ಬೂಟು ಹಾಕಿಕೊಂಡು ಬಾಗಿಲಲ್ಲಿ ಕುಳಿತಿದ್ದರು. ಲೇಸು ಕಟ್ಟಲು ಬಗ್ಗಿದವರಿಗೆ ಉಸಿರು ಸಿಗುತ್ತಿರಲಿಲ್ಲ. "ಮೊದಲನೇ ಬಸ್ಸು ಎಷ್ಟಕ್ಕೈತಿ? ಕಳವಿನ ಮಾಲು ನನ್ನ ಮನ್ಯಾಗೈತಿ. ನೀ ಹೋಗಂಗಿಲ್ಲ ಅಂದ್ರ ನಾ ಹೋಗಬೇಕಲ್ಲ."

ನಾನು ಅವರ ಕಾಲಿನಿಂದ ಬೂಟು ಕಿತ್ತು ಬದಿಗಿಟ್ಟು, ಚಪ್ಪಲಿ ಮೆಟ್ಟಿ ಓಡಿದೆ.

ಉಸ್ತಾದರು ಬಂದೂಕಿನ ಕೋಣೆಯ ಮುಂದೆ ಸ್ಟೂಲಿನ ಮೇಲೆ ಕುಳಿತು ನಳಿಕೆ ಒರೆಸುತ್ತಿದ್ದರು. ಮೂರು ದಿನದಲ್ಲಿ ಆ ನೆಟ್ಟಗಿನ ಬೆನ್ನು ಬಾಗಿಹೋಗಿತ್ತು. ನಾನು ಅವರೆದುರು ನಿಂತು, "ಖೋಕಾ ನನ್ನ ಕಡೆ ಐತ್ರಿ ಉಸ್ತಾದ. ಅವತ್ತು ತುರುಬಿನ್ಯಾಗ ಇತ್ತು," ಅಂದು ಸ್ಟೂಲಿನ ಮೇಲಿಟ್ಟೆ. ಹೊಡೆಯಲಿ, ಬೈಯಲಿ, ಒದ್ದು ಹೊರಹಾಕಲಿ ಅಂತ ಕಾದೆ. ಅವರು ಅದನ್ನು ತೆಗೆದುಕೊಂಡು ಬುಡದ ಅಂಕಿ ನೋಡಿದರು. ಕಣ್ಣಲ್ಲಿ ನೀರು ತುಂಬಿತು.

"ಯಾ ಅಲ್ಲಾ. ನೂರೈವತ್ತು ಬರೋಬರಿ ಇದ್ವು!" ಅಂದರು. ಆಮೇಲೆ ನನ್ನ ಕಡೆ ನೋಡಿದರು. "ಮೂವತ್ತಾರು ವರ್ಷ ಎಣಿಸೇನಿ ಬೇಟಾ. ಒಂದೂ ತಪ್ಪಿಲ್ಲ. ಈ ಮೂರು ದಿನಾ ನನ್ನ ತಲಿ ಹೋತು, ನನಗ ಎಣಿಕಿ ಬರವಲ್ದು ಅಂತ ತಿಳಕೊಂಡಿದ್ದೆ. ಮನ್ಯಾಗ ಕುಂತು ಅಕ್ಕಿಕಾಳು ಎಣಿಸಿ ನೋಡೇನಿ ನಾ. ನಮ್ಮಾಕಿ ನೋಡಿ ಅತ್ತಳು." ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಅವರ ಕಾಲು ಹಿಡಿಯಲು ಹೋದೆ, ಹಿಂದೆ ಸರಿದರು. "ಬರಕೊಡು," ಅಂತ ಒಂದು ಹಾಳೆ ಕೊಟ್ಟರು.

ಬರೆದುಕೊಟ್ಟೆ. ಅಧಿಕಾರಿ ಓದಿ, ಬಾಯಿಗೆ ಬಂದದ್ದೆಲ್ಲ ಅಂದರು, ಅನ್ನಿಸಿಕೊಂಡೆ. ನನ್ನ ಹೆಸರು ಆ ಬ್ಯಾಚಿನಿಂದ ತೆಗೆದರು, ಬೇಕಾದರೆ ಬರುವ ವರ್ಷ ಮೊದಲಿನಿಂದ ಕಲಿ ಅಂದರು. ಹಾಗೇ ಕಲಿತು ಆಮೇಲೆ ಈ ಖಾಕಿ ಹಾಕಿಕೊಂಡೆ. ಉಸ್ತಾದರ ಕಾಗದಕ್ಕೆ ಇನ್ನು ಅಡ್ಡಿಯಿಲ್ಲ ಅಂತ ಅಲ್ಲೇ ಕೇಳಿ ತಿಳಿದುಕೊಂಡೆ. ಹೊರಡುವಾಗ ಉಸ್ತಾದರು ಅಂದರು: "ನನಗ ಹೇಳಿದಿ, ಛಲೋ ಆತು. ಬ್ಯಾಡಗಿಗೆ ಯಾವಾಗ ಹೊಂಟಿ?"

ಅಲ್ಲಿಂದಲೇ ಹೊರಟೆ. ಬ್ಯಾಡಗಿ ಸಮೀಪಿಸಿದಂತೆ ಬಸ್ಸಿನಲ್ಲಿದ್ದವರೆಲ್ಲ ಕೆಮ್ಮತೊಡಗಿದರು; ಯಾರ್ಡಿನ ತುಂಬ ಕೆಂಪು ರಾಶಿ, ಸುಗ್ಗಿಯ ಗದ್ದಲ. ರೇಣುಕಾ ಕೆಲಸ ಮಾಡುವ ಅಂಗಡಿಯನ್ನು ಕೇಳಿಕೊಂಡು ಹೋಗುವಷ್ಟರಲ್ಲಿ ಹೆಂಗಸರು ಕೆಲಸ ಬಿಡುವ ಹೊತ್ತಾಗಿತ್ತು. ಗೇಟಿನಲ್ಲಿ ಕಾವಲಿನವ ನಿಂತಿದ್ದ. ಅಲ್ಲಿಯ ರೂಢಿ ಏನೆಂದರೆ, ಹೊರಗೆ ಹೋಗುವ ಪ್ರತಿ ಹೆಂಗಸೂ ಅವನ ಮುಂದೆ ಸೆರಗು ಬಿಚ್ಚಿ ಒಮ್ಮೆ ಕೊಡವಬೇಕು, ಕಾಯಿ ಕಟ್ಟಿಕೊಂಡಿಲ್ಲ ಅಂತ ತೋರಿಸಲು. ಒಬ್ಬೊಬ್ಬರಾಗಿ ಕೊಡವಿ ಹೋಗುತ್ತಿದ್ದರು. ರೇಣುಕಾ ಮಾತ್ರ ಸಾಲಿನಲ್ಲಿರಲಿಲ್ಲ. ಅವಳನ್ನು ಪಕ್ಕಕ್ಕೆ ನಿಲ್ಲಿಸಿದ್ದರು. ಎಲ್ಲರೂ ಹೋದ ಮೇಲೆ ಅವಳು ಎರಡೆರಡು ಸಲ ಕೊಡವಬೇಕಂತೆ, ಬುತ್ತಿಯ ಗಂಟು ಬಿಚ್ಚಬೇಕಂತೆ. ಹಾವೇರಿಯ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು.

ನಾನು ನೇರ ಅವಳ ಹತ್ತಿರ ಹೋದೆ. "ರೇಣುಕಾ, ಅದನ್ನ ನಾ ತಗೊಂಡಿದ್ದೆ. ಬರಕೊಟ್ಟು ಬಂದೇನಿ. ನಿಂದೇನೂ ತಪ್ಪಿಲ್ಲವಾ," ಅಂದೆ. ಮೆತ್ತಗೆ ಅಂದೆ, ಅವಳಿಗಷ್ಟೇ ಕೇಳುವ ಹಾಗೆ.

ಅವಳು ನನ್ನನ್ನು ನೋಡಿದಳು. ಕಣ್ಣು ಕೆಂಪಗಿತ್ತು, ಘಾಟಿಗೋ ಏನೋ.

"ನನಗ್ಯಾಕ ಹೇಳತೀ?" ಅಂದಳು. "ನಾ ತಗೊಂಡಿಲ್ಲ ಅಂತ ನನಗ ಮೊದಲ ಗೊತ್ತಿತ್ತು. ಅವರಿಗೆ ಹೇಳು."

ನಾನು ಗೇಟಿನ ಕಡೆ ತಿರುಗಿದೆ. "ಎಲ್ಲಾರೂ ಕೇಳ್ರಿ!" ಅಂತ ಕೂಗಿದೆ. ಹೆಂಗಸರು ನಿಂತರು, ಚೀಲ ಹೊತ್ತ ಹಮಾಲರು ನಿಂತರು. ನಾನು ಮೇಡ್ಲೇರಿಯವಳು, ಮಿಲ್ಟ್ರಿ ಫಕ್ಕೀರಪ್ಪನ ಸೊಸಿ, ಹಾವೇರಿಯಲ್ಲಿ ಕದ್ದವಳು ನಾನು, ಈಕೆಯ ಜಡೆ ಬಿಚ್ಚುವಾಗ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದವಳು ನಾನು ಅಂತ ಒಂದೂ ಬಿಡದೆ ಹೇಳಿದೆ. ಮಾವನ ಆಸೆಯ ಮಾತು ಮಾತ್ರ ಹೇಳಲಿಲ್ಲ; ಅದು ನೆವ ಹೇಳಿದ ಹಾಗಾಗುತ್ತಿತ್ತು. ಮುಗಿಸಿದಾಗ ಒಬ್ಬ ಮುದುಕಿ ನೆಲಕ್ಕೆ ಉಗುಳಿದಳು.

ಕಾವಲಿನವನಿಗೆ ನಾಚಿಕೆಯಾಗಿರಬೇಕು. ಬದಿಗೆ ಸರಿದು ದಾರಿ ಬಿಟ್ಟು, "ಹೋಗವಾ ರೇಣುಕಾ. ನಿಂದೇನೂ ಕೊಡವೋದು ಬ್ಯಾಡ, ಹೋಗು," ಅಂದ.

ರೇಣುಕಾ ಅವನ ಮುಂದೆ ಬಂದು ನಿಂತಳು. ಸೆರಗು ಬಿಚ್ಚಿದಳು. ಎಲ್ಲರಂತೆ ಒಮ್ಮೆ ಕೊಡವಿದಳು, ಒಂದೇ ಸಲ. ಹೆಗಲ ಮೇಲೆ ಹಾಕಿಕೊಂಡು ಹೊರಗೆ ಹೋದಳು. ನನ್ನ ಕಡೆ ತಿರುಗಿ ನೋಡಲಿಲ್ಲ.